ಮಗ ಸ್ಪೋರ್ಟ್ಸ್ ಅಂಗಡಿ ಕೆಲಸಕ್ಕೆ ಹೋಗ್ತೀನಿ ಅಂದ್ರೆ

ಮಗನಿಗೆ ಹದಿನಾರು ವರ್ಷ, ದಿನಾ ಸಂಜೆ ಕಾಲೇಜು ಮುಗಿಸಿಕೊಂಡು ಸ್ಪೋರ್ಟ್ಸ್ ಅಂಗಡಿಗೆ ಕೆಲಸಕ್ಕೆ ಹೋಗ್ತೀನಿ ಅಂತಾನೆ, ಕಳಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕಳಿಸಿ. ಆದರೆ ಸಂಜೆ ಹೊತ್ತು ಬೇಡ, ಬೇಸಿಗೆ ರಜೆಯಲ್ಲಿ ಕಳಿಸಿ.

ನಾನು ದಾವಣಗೆರೆಯಲ್ಲಿ ಪಿಯುಸಿ ಓದುವಾಗ ಇಂಥದ್ದೇ ಅಂಗಡಿಯಲ್ಲಿದ್ದೆ. 1999ರ ವಿಶ್ವಕಪ್ ಸಮಯ. ಬಂದ ಹುಡುಗರೆಲ್ಲ ಕೇಳುತ್ತಿದ್ದದ್ದು ‘ಎಂಆರ್‌ಎಫ್ ಬ್ಯಾಟ್’. ಅದು ಟೈರ್ ಕಂಪನಿ ಕಣ್ರೋ, ಸಚಿನ್ ಬ್ಯಾಟ್ ಮೇಲಿರೋದು ಜಾಹೀರಾತು ಅಂದರೆ ಯಾರು ನಂಬಬೇಕು! ಸ್ಟಿಕರ್ ಬೇರೆಯಾಗಿ ಸಿಗುತ್ತಿತ್ತು. ಕಾಶ್ಮೀರ ವಿಲ್ಲೋ ಮರದ ಬ್ಯಾಟಿಗೆ ಅದನ್ನೇ ಅಂಟಿಸಿ ಕೊಟ್ಟರೆ ಖುಷಿಯಾಗಿ ಹೋಗುತ್ತಿದ್ದರು.

ಗಣೇಶನ ಹಬ್ಬ ಬಂತೆಂದರೆ ಟೆನಿಸ್ ಬಾಲ್ ಟೂರ್ನಮೆಂಟಿನವರ ಕಾಟ. ಕಪ್ ಚೆನ್ನಾಗಿದೆಯಾ ಅಂತ ಯಾರೂ ನೋಡುತ್ತಿರಲಿಲ್ಲ. ಪಕ್ಕದ ಏರಿಯಾದ ಕಪ್‌ಗಿಂತ ಒಂದು ಗೇಣಾದರೂ ಎತ್ತರ ಇರಬೇಕು, ಅಷ್ಟೇ. ಅರ್ಧ ದುಡ್ಡು ಕೊಟ್ಟು, ಉಳಿದದ್ದು ಎಂಟ್ರಿ ಫೀಸ್ ಬಂದ ಮೇಲೆ ಅನ್ನೋರು. ಆ ಬಾಕಿ ವಸೂಲಿಗೆ ಓಡಾಡಿದ್ದೂ ನಾನೇ. ಮಾತಾಡೋದು ಕಲಿತದ್ದು ಅಲ್ಲೇ ಅನ್ನಿ.

ನಿಜವಾದ ಕೆಲಸ ಇದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಹೊಸ ಬ್ಯಾಟಿಗೆ ಬಟ್ಟೆಯಲ್ಲಿ ಅಗಸೆ ಎಣ್ಣೆ ತೆಳ್ಳಗೆ ಸವರಿ, ಅಡ್ಡ ಮಲಗಿಸಿ ಒಣಗಲು ಬಿಡಬೇಕು. ಎಣ್ಣೆ ಜಾಸ್ತಿಯಾದರೆ ಬ್ಯಾಟ್ ಭಾರ ಆಗುತ್ತದೆ. ಆಮೇಲೆ ಮರದ ಸುತ್ತಿಗೆಯಿಂದ ಮೊದಲು ಮೆಲ್ಲಗೆ, ಬರಬರುತ್ತಾ ಜೋರಾಗಿ ತಟ್ಟಬೇಕು. ಅಂಚಿಗೆ ನೇರ ಹೊಡೆದರೆ ಸೀಳುತ್ತದೆ, ಓರೆಯಾಗಿ ತಟ್ಟಬೇಕು. ಶಟಲ್ ರ‍್ಯಾಕೆಟ್ ಗಟ್ಟಿಂಗ್, ಅಂದರೆ ಎಳೆ ಕಟ್ಟೋದು, ಇನ್ನೂ ಸೂಕ್ಷ್ಮ. ಮೊದಲು ಉದ್ದದ ಎಳೆ, ಆಮೇಲೆ ಅಡ್ಡ ಎಳೆ. ಸಾಮಾನ್ಯ ಆಟಗಾರರಿಗೆ 22-24 ಪೌಂಡ್ ಬಿಗಿ ಸಾಕು. ಬಿಗಿ ಹೆಚ್ಚಿದರೆ ಫ್ರೇಮೇ ಟಪ್ ಅನ್ನಬಹುದು. ಮಾಲೀಕರು ಇದನ್ನು ಸುಮ್ನೆ ಹೇಳಿಕೊಡುವುದಿಲ್ಲ, ಬೆನ್ನು ಹತ್ತಿ ಕೇಳಬೇಕು. ಮಗ ಹೋಗುವುದಾದರೆ ಇದನ್ನು ಕಲಿಯುವುದಕ್ಕೇ ಹೋಗಲಿ. ಡಬ್ಬಿ ಜೋಡಿಸೋದು, ಧೂಳು ಹೊಡೆಯೋದು ಹೇಗೂ ಇದ್ದದ್ದೇ.

ಈಗ ಸಂಜೆ ಯಾಕೆ ಬೇಡ ಅಂತ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಆಯ್ತಲ್ಲ, ಅದರ ಪ್ರಕಾರ 14ರಿಂದ 18ರೊಳಗಿನವರನ್ನು ಅಪಾಯವಿಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಆದರೆ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ನಮ್ಮ ಅಂಗಡಿಯಲ್ಲಂತೂ ಗಿರಾಕಿ ತುಂಬುತ್ತಿದ್ದದ್ದೇ ಏಳರ ಮೇಲೆ. ಹುಡುಗ ಸರಿಯಾಗಿ ಏಳಕ್ಕೆ ಎದ್ದು ಹೊರಟರೆ ಯಾವ ಮಾಲೀಕನಿಗೆ ಹಿಡಿಸುತ್ತೆ, ಹೇಳಿ? ‘ಇನ್ನೊಂದು ಹತ್ತು ನಿಮಿಷ ಇರು’ ಅಂತ ಶುರುವಾಗಿ ಒಂಬತ್ತೂವರೆಗೆ ಮನೆಗೆ ಬರುತ್ತಾನೆ. ಇಂಟರ್ನಲ್ ಟೆಸ್ಟ್ ಹೊತ್ತಲ್ಲಿ ನನಗೆ ಆದದ್ದು ಅದೇ.

ಏಪ್ರಿಲ್-ಮೇನಲ್ಲಾದರೆ ಹಗಲಿಗೇ ಕೋಚಿಂಗ್ ಕ್ಯಾಂಪಿನ ಮಕ್ಕಳು ಬರುತ್ತಾರೆ, ಕೆಲಸವೂ ಇರುತ್ತದೆ. ಆಗಲೂ ವಿರಾಮ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು. ಸೇರಿಸುವ ಮೊದಲೇ ನೀವೇ ಹೋಗಿ ಮಾತಾಡಿ. ಸಂಬಳ ಎಷ್ಟು, ಯಾವ ತಾರೀಖು ಅನ್ನೋದನ್ನೂ ಅವನೆದುರೇ ಕೇಳಿ. ಸಂಬಳದ ಬದಲು ‘ಶೂ ಕೊಡಿಸ್ತೀನಿ’ ಅನ್ನೋ ಲೆಕ್ಕಕ್ಕೆ ಮಾತ್ರ ಒಪ್ಪಬೇಡಿ.