ಪೋರ್ಟ್‌ಲ್ಯಾಂಡ್ ಹೆಡ್ ದೀಪಸ್ತಂಭಕ್ಕೆ ಹಡಗಿನವರ ಪ್ರವಾಸದಲ್ಲಿ ಹೋಗಬಹುದೇ?

ಪ್ರಶ್ನೆ:
ನಾವು ಹೊರಟಿರುವ ಕ್ರೂಸ್ ಹಡಗು ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ ಒಂದು ಹಗಲು ತಂಗಲಿದೆ. ಅಲ್ಲಿನ ಪೋರ್ಟ್‌ಲ್ಯಾಂಡ್ ಹೆಡ್ ದೀಪಸ್ತಂಭಕ್ಕೆ ಹಡಗಿನವರೇ ಗೈಡ್ ಸಮೇತ ಬಸ್ಸಿನಲ್ಲಿ ಕರೆದೊಯ್ಯುತ್ತಾರಂತೆ. ಜೊತೆಗೆ ಬರುವ ನನ್ನ ತಾಯಿಯವರಿಗೆ ಮೆಟ್ಟಿಲು ಹತ್ತುವುದು ಕಷ್ಟ. ಗೋಪುರ ಏರಲಾಗದಿದ್ದರೆ ಅಷ್ಟು ದೂರ ಹೋಗಿಯೂ ವ್ಯರ್ಥವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಮೆಟ್ಟಿಲಿನ ಚಿಂತೆ ನಿಮಗೆ ಬೇಡ. ಆ ಗೋಪುರವನ್ನು ಸಾಮಾನ್ಯ ದಿನಗಳಲ್ಲಿ ಯಾರಿಗೂ ತೆರೆಯುವುದಿಲ್ಲ. ಪ್ರವಾಸದ ವಿವರದಲ್ಲಿ ‘ದೀಪಸ್ತಂಭ ಭೇಟಿ’ ಎಂದಿದ್ದರೆ ಹೊರಗಿನಿಂದ ನೋಡುವುದೆಂದೇ ತಿಳಿಯಿರಿ. ದೀಪದ ಕಾವಲುಗಾರರು ಸಂಸಾರ ಸಮೇತ ವಾಸವಿದ್ದ, ಗೋಪುರಕ್ಕೆ ಅಂಟಿಕೊಂಡಂತಿರುವ ಕೆಂಪು ಛಾವಣಿಯ ಮನೆ ಮಾತ್ರ ಈಗ ವಸ್ತುಸಂಗ್ರಹಾಲಯವಾಗಿದೆ. 1791ರ ಜನವರಿಯಲ್ಲಿ ಮೊದಲು ಬೆಳಗಿದ ದೀಪವು 1989ರಲ್ಲಿ ಸ್ವಯಂಚಾಲಿತವಾಗುವವರೆಗೂ ಮನುಷ್ಯರ ಕೈಯಲ್ಲೇ ಇತ್ತೆಂಬುದನ್ನು ನೆನೆದರೆ, ನನ್ನ ಮಟ್ಟಿಗೆ ಗೋಪುರಕ್ಕಿಂತ ಆ ಮನೆಯೇ ಹೆಚ್ಚು ನೋಡತಕ್ಕದ್ದು.

ಉತ್ತರ 2:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಗೋಪುರದ ಪಕ್ಕದ ಬಂಡೆಯೊಂದರ ಮೇಲೆ ಬಿಳಿ ಬಣ್ಣದಲ್ಲಿ ಹಡಗು ಅಪಘಾತವೊಂದನ್ನು ನೆನಪಿಸುವ ಬರಹವಿದೆ. ಫೋಟೊ ತೆಗೆಯುವ ಗಡಿಬಿಡಿಯಲ್ಲಿ ಹಲವರು ಅದನ್ನು ಗಮನಿಸುವುದೇ ಇಲ್ಲ. 1886ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಆ್ಯನಿ ಸಿ. ಮೆಗ್ವೈರ್ ಎಂಬ ಹಾಯಿಹಡಗು, ದೀಪ ಉರಿಯುತ್ತಿದ್ದಾಗಲೇ ಅದರ ಬುಡದ ಬಂಡೆಗಳಿಗೆ ಬಂದು ಅಪ್ಪಳಿಸಿತು. ಕಾವಲುಗಾರ ಜೋಶುವಾ ಸ್ಟ್ರೌಟ್ ಮತ್ತು ಅವರ ಮನೆಯವರು ದಡದಿಂದ ಹಡಗಿಗೆ ಏಣಿಯನ್ನೇ ಸೇತುವೆಯಂತೆ ಚಾಚಿ, ಹಡಗಿನಲ್ಲಿದ್ದ ಎಲ್ಲರನ್ನೂ ಸುರಕ್ಷಿತವಾಗಿ ಇಳಿಸಿಕೊಂಡರು. ಬಂಡೆಗೂ ಮನೆಗೂ ಇರುವ ಅಂತರವನ್ನು ಅಲ್ಲಿಯೇ ನಿಂತು ನೋಡಿದಾಗ ಈ ಘಟನೆ ಚೆನ್ನಾಗಿ ಅರ್ಥವಾಗುತ್ತದೆ. ಗೈಡ್ ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಉತ್ತರ 3:
ಹಡಗಿನವರ ಪ್ರವಾಸವೇ ಆಗಲಿ. ಅವರ ಬಸ್ಸು ಮರಳುವುದು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಆ ಭರವಸೆ ಇರುವುದಿಲ್ಲ. ಆದರೆ ಕಾದಿರಿಸುವ ಮೊದಲು ದೀಪಸ್ತಂಭವಿರುವ ಫೋರ್ಟ್ ವಿಲಿಯಮ್ಸ್ ಉದ್ಯಾನದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆಂದು ವಿಚಾರಿಸಿ. ನಾಲ್ಕೈದು ಸ್ಥಳಗಳನ್ನು ಒಟ್ಟಿಗೆ ತೋರಿಸುವ ಪ್ರವಾಸಗಳಲ್ಲಿ ಇಳಿದು ಹತ್ತುವುದರಲ್ಲೇ ಸಮಯ ಕಳೆಯುತ್ತದೆ. ವಾಹನ ನಿಲ್ಲುವ ಜಾಗದಿಂದ ದೀಪಸ್ತಂಭ ದೂರವಿಲ್ಲದ ಕಾರಣ ತಾಯಿಯವರಿಗೆ ತೊಂದರೆಯಾಗಲಾರದು, ಆದರೂ ಕಡಲಂಚಿನ ಕಾಲುದಾರಿ ಏರುತಗ್ಗಾಗಿರುವುದರಿಂದ ಅಲ್ಲಿ ಅವರನ್ನು ಒಬ್ಬರೇ ಬಿಡಬೇಡಿ. ಬೇಸಿಗೆಯಾದರೂ ಗಾಳಿ ತಣ್ಣಗಿರುತ್ತದೆ. ಅವರಿಗೊಂದು ಸ್ವೆಟರ್ ಇಟ್ಟುಕೊಳ್ಳಿ. ಮಂಜು ಕವಿದಿದ್ದರೆ ಹಡಗುಗಳನ್ನು ಎಚ್ಚರಿಸುವ ಕೊಂಬು ದಿಢೀರನೆ ಮೊಳಗಬಹುದು, ಅದನ್ನೂ ಅವರಿಗೆ ಮೊದಲೇ ತಿಳಿಸಿರಿ.