ಶೆಟ್ಟಿಹಳ್ಳಿ ಚರ್ಚ್: ಯಾವಾಗ ಹೋದರೆ ಸರಿ?

ಪ್ರಶ್ನೆ: ಹಾಸನದಿಂದ ಬೈಕಲ್ಲಿ ಹೊರಟಿದ್ದೀವಿ. ಶೆಟ್ಟಿಹಳ್ಳಿಯ ಪಾಳು ಚರ್ಚ್ ನೀರಲ್ಲಿ ಮುಳುಗಿರೋದನ್ನೂ ನೋಡಬೇಕು, ಒಳಗೂ ಓಡಾಡಬೇಕು. ಯಾವ ತಿಂಗಳು?

ಉತ್ತರ: ಎರಡೂ ಒಂದೇ ಸಲಕ್ಕೆ ಆಗಲ್ಲ ಗುರು. ಮಳೆಗಾಲದಲ್ಲಿ ಗೊರೂರು ಡ್ಯಾಂ (ಅದೇ ಹೇಮಾವತಿ ಜಲಾಶಯ) ತುಂಬಿದಾಗ ಹಿನ್ನೀರು ಚರ್ಚ್‌ಗೆ ನುಗ್ಗುತ್ತೆ, ಆಗ ದಡದಿಂದಲೇ ನೋಟ. ಒಳಗೆ ನಡೆಯೋಕೆ ಫೆಬ್ರವರಿಯಿಂದ ಮೇ. ಹೊರಡೋ ಮುಂಚೆ ಪೇಪರ್‌ನಲ್ಲಿ ಹೇಮಾವತಿ ಜಲಾಶಯದ ಮಟ್ಟ ನೋಡಿ. ಪೂರ್ಣ ಮಟ್ಟ 2922 ಅಡಿ. ಅದರ ಹತ್ತಿರ ಇದ್ದರೆ ಒಳಗೆ ಹೋಗೋ ಆಸೆ ಬಿಡಿ.

ಉತ್ತರ: ನೀರು ಇಳಿದ ಹೊಸತರಲ್ಲಿ ಗಾಡಿ ಕೆಳಗಿಳಿಸಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಅಡಿಯಲ್ಲಿ ಹಸಿ ಕೆಸರು. ಚಕ್ರ ಹೂತುಕೊಂಡರೆ ಟ್ರಾಕ್ಟರೇ ಗತಿ.

ಉತ್ತರ: ಗೋಡೆ ಹತ್ತಲೇಬೇಡಿ ಸಾರ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ವರ್ಷಾ ವರ್ಷ ನೆನೆದು ಒಣಗಿ ಗಾರೆ ಸಡಿಲವಾಗಿದೆ, ಚಾವಣಿಯೂ ಇಲ್ಲ. ಕಮಾನಿನ ಕೆಳಗೆ ನಿಂತು ಸೆಲ್ಫಿ ತೆಗೆಯೋ ಹುಚ್ಚು ಬೇಡ. ನೆರಳಿಲ್ಲ, ನೀರು ಒಯ್ಯಿರಿ.