ಸಹಾಯ ಬೇಕು: ಷಟ್ಪದಿಯ ಸಾಲನ್ನೂ ‘ತ್ರಿಷ್ಟುಪ್’ ಎನ್ನಬಹುದೇ?

ಛಂದಸ್ಸು ಬಲ್ಲವರು ದಯವಿಟ್ಟು ಗಮನಿಸಿ. ಪ್ರೌಢಶಾಲೆಯ ಮಕ್ಕಳಿಗಾಗಿ ಛಂದಸ್ಸಿನ ಒಂದು ಕೋಷ್ಟಕ ಸಿದ್ಧಪಡಿಸುತ್ತಿದ್ದೇನೆ. ಸಾಲಿನ ಅಕ್ಷರ ಸಂಖ್ಯೆಗೆ ತಕ್ಕ ಹೆಸರು (11 ಅಕ್ಷರಕ್ಕೆ ‘ತ್ರಿಷ್ಟುಪ್’ ಎಂಬಂತೆ) ಬರೆಯುವ ಒಂದು ಕಲಂ ಮುಂದೆ ಹೋಗುತ್ತಿಲ್ಲ.

ಸಾಲಿನ ಅಕ್ಷರ ಸಂಖ್ಯೆಯೂ ಗುರುಲಘುಗಳ ಸ್ಥಾನವೂ ನಿಗದಿಯಾಗಿರುವ ಅಕ್ಷರವೃತ್ತಗಳಲ್ಲಿ ತೊಂದರೆಯಿಲ್ಲ. ಸಾಲಿಗೆ 20 ಅಕ್ಷರವಿದ್ದರೆ ‘ಕೃತಿ’, 21 ಇದ್ದರೆ ‘ಪ್ರಕೃತಿ’. ಚಂಪಕಮಾಲೆ ವೃತ್ತದ ಸಾಲಿನ ಮೊದಲ ಎರಡು ಲಘುಗಳ (ಒಂದು ಮಾತ್ರೆಯ ಅಕ್ಷರಗಳ) ಜಾಗದಲ್ಲಿ ಒಂದು ಗುರು (ಎರಡು ಮಾತ್ರೆಯ ಅಕ್ಷರ) ಇಟ್ಟರೆ ಉತ್ಪಲಮಾಲೆ ವೃತ್ತವಾಗುತ್ತದೆ. ಎರಡರಲ್ಲೂ ಸಾಲಿಗೆ 28 ಮಾತ್ರೆಗಳೇ. ಆದರೂ ಅಕ್ಷರ ಒಂದು ಕಡಿಮೆಯಾದ ಕಾರಣ ಪ್ರಕೃತಿ ಹೋಗಿ ಕೃತಿಯಾಗುತ್ತದೆ. ಎಷ್ಟು ಚೆಂದದ ಲೆಕ್ಕ! ಮಕ್ಕಳಿಗೂ ಇದು ಥಟ್ಟನೆ ಹಿಡಿಸುತ್ತದೆ.

ತೊಡಕಾಗಿರುವುದು ಮಾತ್ರೆಗಳ ಲೆಕ್ಕದಲ್ಲಿ ನಡೆಯುವ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ. ಮೊದಲ ಸಾಲಿಗೆ 3+4+3+4, ಅಂದರೆ 14 ಮಾತ್ರೆ. ಅಕ್ಷರಗಳು ಮಾತ್ರ ಒಂದು ಸಾಲಿನಲ್ಲಿ 10, ಮತ್ತೊಂದರಲ್ಲಿ 11, ಇನ್ನೊಂದರಲ್ಲಿ 12. ನನ್ನ ಬಳಿಯಿರುವ ವ್ಯಾಕರಣ ಪುಸ್ತಕಗಳು ಉಕ್ತೆಯಿಂದ (1 ಅಕ್ಷರ) ಉತ್ಕೃತಿಯವರೆಗಿನ (26 ಅಕ್ಷರ) 26 ಹೆಸರುಗಳನ್ನು ವೃತ್ತಗಳ ಅಧ್ಯಾಯದಲ್ಲೇ ಹೇಳಿ ಮುಗಿಸುತ್ತವೆ. ಸಹೋದ್ಯೋಗಿಗಳನ್ನು ಕೇಳಿದೆ. ಒಬ್ಬರು, ‘11 ಅಕ್ಷರ ಬಂದರೆ ತ್ರಿಷ್ಟುಪ್ ಎಂದೇ ಬರೆಯಿರಿ’ ಎಂದರು. ಇನ್ನೊಬ್ಬರು, ಗುರುಲಘುಗಳ ಸ್ಥಾನ ನಿಗದಿಯಾಗಿರದ ಕಡೆ ಆ ಹೆಸರು ಸಲ್ಲದು ಎಂದರು. ನನಗೆ ಎರಡನೆಯವರ ಮಾತೇ ಸರಿ ಎನಿಸುತ್ತದೆ, ಆದರೆ ಆಧಾರವಿಲ್ಲದೆ ಮಕ್ಕಳ ಕೈಗೆ ಕೊಡಲು ಮನಸ್ಸಿಲ್ಲ.

ಆದ್ದರಿಂದ ತಿಳಿಸಿ: ಈ 26 ಹೆಸರುಗಳು ಅಕ್ಷರವೃತ್ತಗಳಿಗೆ ಮಾತ್ರ ಸೀಮಿತವೇ? ಹಾಗಿದ್ದರೆ ಷಟ್ಪದಿ, ತ್ರಿಪದಿಗಳ ಸಾಲಿನ ಅಕ್ಷರ ಎಣಿಕೆಗೆ ಬೇರೆ ಪಾರಿಭಾಷಿಕ ಪದವಿದೆಯೇ, ಅಥವಾ ಆ ಕಲಂ ಖಾಲಿ ಬಿಡುವುದೇ ಸರಿಯೇ?